ಮುದ್ರೆ ಮಾಸಿತು, ಸಿಟ್ಟು ಮಾಸಿಲ್ಲ

2020ರ ಆಗಸ್ಟ್ 24ರಂದು ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆಯನ್ನು ಮೊಬೈಲ್‌ನಲ್ಲಿ ಓದಿ ಹೇಳಿದಾಗ ನನ್ನ ಚಿಕ್ಕಪ್ಪನ ಮಗ ನಕ್ಕುಬಿಟ್ಟ. ಹೊರರಾಜ್ಯದಿಂದ ಬರುವವರು ಇನ್ನು ಸೇವಾಸಿಂಧುವಿನಲ್ಲಿ ನೋಂದಾಯಿಸಬೇಕಿಲ್ಲ, ಕೈಗೆ ಮುದ್ರೆ ಇಲ್ಲ, 14 ದಿನಗಳ ಕ್ವಾರಂಟೈನ್ ಇಲ್ಲ. ಮೇ ಕೊನೆಯಲ್ಲಿ ಪುಣೆಯಿಂದ ಬಂದ ಅವನನ್ನು ಊರಿಗೆ ಬಿಡದೆ, ಮುದ್ರೆ ಒತ್ತಿ, ಶಾಲೆಯೊಂದರಲ್ಲಿ ಕೂರಿಸಿದ್ದರು. ಆಗ ರಾಜ್ಯದ ಒಟ್ಟು ಪ್ರಕರಣಗಳು ಎರಡು–ಮೂರು ಸಾವಿರ. ಆ ಆಗಸ್ಟ್ ಕೊನೆಗೆ ಮೂರು ಲಕ್ಷ ದಾಟಿತ್ತು. ‘ರೋಗ ಕಡಿಮಿ ಇದ್ದಾಗ ಕಳ್ಳನಂಗ ಹಿಡದ್ರು, ಹೆಚ್ಚಾದ ಮ್ಯಾಲ ಹೋಗಪ್ಪಾ ಅಂತಾರ’ ಅಂದ.

ಸುತ್ತೋಲೆಯಲ್ಲಿ ವೈಜ್ಞಾನಿಕವಾಗಿ ದೊಡ್ಡ ತಪ್ಪೇನಿಲ್ಲ. ಸೋಂಕು ಊರೂರಿನೊಳಗೆ ಹಬ್ಬಿದ ಮೇಲೆ ಗಡಿಯಲ್ಲಿ ಪ್ರಯಾಣಿಕರನ್ನು ತಡೆದು ಸಿಗುವ ಲಾಭ ಅಷ್ಟಕ್ಕಷ್ಟೇ. ಕ್ವಾರಂಟೈನ್‌ಗೆ ನಿಜವಾದ ಬೆಲೆ ಇರುವುದು ರೋಗ ಹೊರಗಿನಿಂದ ಬರುತ್ತಿರುವಾಗ, ಪ್ರಕರಣಗಳನ್ನು ಬೆರಳಲ್ಲಿ ಎಣಿಸುವಂತಿರುವಾಗ. ಆ ಕಾಲ ನಮ್ಮ ಕೈಲಿತ್ತು. ದೇಶದ ಮೊದಲ ಕೋವಿಡ್ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ವರದಿಯಾಗಿತ್ತು. ಎಚ್ಚರಿಕೆ ಬೇರೆ ದೇಶದಿಂದ ಬರಬೇಕಾಗಿರಲಿಲ್ಲ. ಹಾಗಿದ್ದೂ ಕ್ವಾರಂಟೈನ್ ಯಾಕೆ ಸೋತಿತು ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಜನರಿಗೆ ಜವಾಬ್ದಾರಿ ಇಲ್ಲ. ಟಿ.ವಿ.ಗಳಲ್ಲಿ ಕ್ವಾರಂಟೈನ್ ಕೇಂದ್ರದಿಂದ ತಪ್ಪಿಸಿಕೊಂಡವರ ಸುದ್ದಿಯನ್ನು ದಿನವಿಡೀ ತೋರಿಸಿದರು. ನಾನೂ ಅದನ್ನೇ ನಂಬಿದ್ದೆ, ಆ ಶಾಲೆಯ ಕಿಟಕಿಯ ಬಳಿ ಎಂಟು ದಿನ ನಿಲ್ಲುವವರೆಗೆ.

ಅಲ್ಲಿ ಸುಮಾರು ಅರವತ್ತು ಜನರಿದ್ದರು. ಮುಂಬೈ, ಪುಣೆ, ಸೊಲ್ಲಾಪುರದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವರು, ಅವರ ಹೆಂಡಿರು ಮಕ್ಕಳು. ಕೊಠಡಿಗೆ ಹತ್ತು–ಹನ್ನೆರಡು ಮಂದಿ. ಬಳಸುವಂತಿದ್ದ ಶೌಚಾಲಯ ಎರಡು, ನೀರು ದಿನಕ್ಕೆ ಒಂದು ಹೊತ್ತು. ಹಾಗಾಗಿ ಬೆಳಗಿನ ಜಾವ ಗಂಡಸರು ಚೊಂಬು ಹಿಡಿದು ಹಿಂದಿನ ಹೊಲಕ್ಕೆ ಹೋಗುತ್ತಿದ್ದರು, ಊರಿನವರು ಹೋಗುವ ಅದೇ ದಾರಿಯಲ್ಲಿ. ಸೋಂಕು ತಗುಲಿರಬಹುದಾದವರನ್ನು ಊರಿನಿಂದಷ್ಟೇ ಅಲ್ಲ, ಒಬ್ಬರಿಂದ ಒಬ್ಬರನ್ನೂ ದೂರ ಇಡುವುದು ಕ್ವಾರಂಟೈನ್. ಇಲ್ಲಿ ಒಬ್ಬನಿಗಿದ್ದರೆ ಅರವತ್ತು ಜನರಿಗೂ ಹಂಚಿಕೆಯಾಗುವ ಏರ್ಪಾಡು ಸರಿಯಾಗಿಯೇ ಆಗಿತ್ತು.

ಊಟ ಮಧ್ಯಾಹ್ನ ಎರಡರ ಮೇಲೆ ಬರುತ್ತಿತ್ತು. ಅನ್ನ, ನೀರಿನಂಥ ಸಾರು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಅದು ಹೊಟ್ಟೆಗೂ ಹತ್ತಲಿಲ್ಲ, ಮನಸ್ಸಿಗೂ ಹತ್ತಲಿಲ್ಲ. ಎಳೆಯ ಮಕ್ಕಳಿಗೆ ಹಾಲಿರಲಿಲ್ಲ. ಎರಡನೇ ದಿನದಿಂದಲೇ ಮನೆಗಳಿಂದ ಬುತ್ತಿ ಹೊರಟವು. ಚಿಕ್ಕಮ್ಮ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಗಂಟನ್ನು ಒಯ್ಯುವ ಕೆಲಸ ನನ್ನದು. ಕಿಟಕಿಯ ಸರಳುಗಳ ನಡುವಿನಿಂದ ರೊಟ್ಟಿ ಒಳಗೆ ಹೋಗುತ್ತಿತ್ತು. ಖಾಲಿ ಡಬ್ಬಿ, ಒಗೆಯಬೇಕಾದ ಬಟ್ಟೆ, ಚಾರ್ಜ್ ಮಾಡಬೇಕಾದ ಮೊಬೈಲ್ ಹೊರಗೆ ಬರುತ್ತಿದ್ದವು. ಗೇಟಿನಲ್ಲಿ ಒಬ್ಬರೇ ಕಾನ್‌ಸ್ಟೆಬಲ್ ಇದ್ದರು. ನಮ್ಮನ್ನು ನೋಡಿದರೆ ಅವರು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ರೊಟ್ಟಿ ತಡೆದರೆ ಅರವತ್ತು ಜನರನ್ನು ತಾನೊಬ್ಬನೇ ತಡೆಯಲಾರೆ ಎಂಬುದು ಅವರಿಗೆ ಗೊತ್ತಿತ್ತು.

ನಾನು ವಿಜ್ಞಾನ ಪದವೀಧರ. ವೈರಾಣು ಹೇಗೆ ಹರಡುತ್ತದೆ ಎಂದು ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡಿದ್ದೇನೆ. ನಾನು ಮಾಡುತ್ತಿದ್ದುದು ನಿಯಮದ ಉಲ್ಲಂಘನೆ ಎಂದೂ ಗೊತ್ತಿತ್ತು. ಆದರೂ ದಿನಾ ಹೋದೆ, ಒಳಗಿದ್ದವನು ಹಸಿದಿದ್ದ ಎಂಬ ಒಂದೇ ಕಾರಣಕ್ಕೆ. ನನ್ನಂತೆ ಬುತ್ತಿ ಹೊತ್ತವರು ಇನ್ನೂ ಇಪ್ಪತ್ತು–ಮೂವತ್ತು ಮಂದಿ. ಎರಡು ಹೊತ್ತು ರೊಟ್ಟಿ ಮಾಡಿಸಿ ಹಾಕಿದ್ದರೆ ಇಷ್ಟೂ ಜನ ಆ ಕಿಟಕಿಯ ಹತ್ತಿರ ಸುಳಿಯುತ್ತಿರಲಿಲ್ಲ. ಸೋಂಕು ಹೊರಬರುವ ದಾರಿಯನ್ನು ತೆರೆದದ್ದು ಬೇಜವಾಬ್ದಾರಿಯೋ, ಅಡುಗೆಯ ಖರ್ಚಿನಲ್ಲಿ ಮಾಡಿದ ಉಳಿತಾಯವೋ?

ಐದನೇ ದಿನ ಗಂಟಲು ದ್ರವ ತೆಗೆದರು. ವರದಿ ಬರುವ ಮೊದಲೇ, ಹೊಸದಾಗಿ ಬರುವವರಿಗೆ ಜಾಗ ಬೇಕೆಂದು, ಎಂಟನೇ ದಿನ ಎಲ್ಲರನ್ನೂ ಮನೆಗೆ ಕಳಿಸಿದರು. ಈ ಸೋಂಕಿನ ಲಕ್ಷಣ ಸಾಮಾನ್ಯವಾಗಿ ಐದಾರು ದಿನಕ್ಕೆ ಕಾಣಿಸಿದರೂ 14 ದಿನಗಳವರೆಗೆ ಅವಕಾಶವಿದೆ. ಬೇಗ ಮಾಡಿದ ಪರೀಕ್ಷೆಯಲ್ಲಿ ನೆಗೆಟಿವ್ ಬಂದರೂ ಅದೇ ಕೊನೆಯ ಮಾತಲ್ಲ. ಇಲ್ಲಿ ನೆಗೆಟಿವ್ ಎಂಬ ಮಾತೂ ಬಂದಿರಲಿಲ್ಲ. ಮೂರು ದಿನ ಬಿಟ್ಟು ಪಕ್ಕದ ತಾಂಡಾಕ್ಕೆ ಆಂಬುಲೆನ್ಸ್ ಬಂತು. ಅದೇ ಶಾಲೆಯಲ್ಲಿದ್ದ ಇಬ್ಬರಿಗೆ ಪಾಸಿಟಿವ್. ಅಷ್ಟರಲ್ಲಿ ಅವರು ಮುಂಗಾರು ಬಿತ್ತನೆಗೆ ಇಳಿದು, ನಾಲ್ಕು ಮನೆಯವರ ಜತೆ ಕೂತು ಉಂಡಿದ್ದರು. ನನ್ನ ಅಣ್ಣನ ವರದಿ ಮಾತ್ರ ಇವತ್ತಿಗೂ ಬಂದಿಲ್ಲ. ಕೇಳಿದರೆ, ಬಂದಿಲ್ಲ ಅಂದರೆ ನೆಗೆಟಿವ್ ಅಂತ ತಿಳಕೊಳ್ಳಿ ಎಂದರು.

ಇದು ಒಂದು ಶಾಲೆಯ ಕಥೆ, ಎಲ್ಲ ಕಡೆ ಹೀಗೇ ಇತ್ತು ಎಂದು ನಾನು ಹೇಳಲಾರೆ. ಚೆನ್ನಾಗಿ ನೋಡಿಕೊಂಡ ಕೇಂದ್ರಗಳೂ ಇದ್ದಿರಬಹುದು. ಆದರೆ ಹೀಗಾಗದಂತೆ ತಡೆಯುವ ಅಂಶ ನಮ್ಮ ಕಾನೂನಿನಲ್ಲಿ ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮಾರ್ಚ್‌ನಲ್ಲಿ ರಾಜ್ಯದ ಕೋವಿಡ್ ನಿಯಮಾವಳಿ ರೂಪುಗೊಂಡದ್ದು ಇದರ ಆಧಾರದಲ್ಲೇ. ಮೂಲ ಕಾಯ್ದೆಯಲ್ಲಿ ಇರುವುದು ನಾಲ್ಕೇ ಸೆಕ್ಷನ್. ಸರ್ಕಾರಕ್ಕೆ ಅಧಿಕಾರ, ಆದೇಶ ಮೀರಿದವರಿಗೆ ಶಿಕ್ಷೆ, ಆದೇಶ ಜಾರಿ ಮಾಡಿದವರಿಗೆ ರಕ್ಷಣೆ. ಕೂಡಿಹಾಕಲ್ಪಟ್ಟವನಿಗೆ ಊಟ, ನೀರು, ಕೂಲಿ, ವರದಿ ಕೊಡಬೇಕು ಎಂಬ ಒಂದು ಸಾಲೂ ಅದರಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದು ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ಸೇರಿಸಿತು. ಅದು ಬೇಕಿತ್ತು, ಆದರೆ ಇನ್ನೊಂದು ಬದಿ ಖಾಲಿಯಾಗಿಯೇ ಉಳಿಯಿತು. ಬ್ರಿಟಿಷರು ಈ ಕಾಯ್ದೆ ತಂದದ್ದು ಮುಂಬೈ ಪ್ರಾಂತ್ಯದ ಪ್ಲೇಗ್ ಹತ್ತಿಕ್ಕಲು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದ ರೀತಿಗೆ ಜನರ ಆಕ್ರೋಶ ಎಲ್ಲಿಗೆ ಮುಟ್ಟಿತೆಂದರೆ, ಅದೇ ವರ್ಷದ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಇತಿಹಾಸದ ಪುಸ್ತಕದಲ್ಲಿ ಅದನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದಿದ್ದೇವೆ. ಕ್ವಾರಂಟೈನ್ ಆಡಳಿತದ ಪಾಠವಾಗಿ ಯಾರೂ ಕಲಿಸಲಿಲ್ಲ.

2020ರಲ್ಲಿ ಸೈನಿಕರ ಜಾಗಕ್ಕೆ ಮೊಬೈಲ್ ಬಂತು. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದ ಸಾವಿರಾರು ಮಂದಿಯ ವಿಳಾಸಗಳನ್ನು ಸರ್ಕಾರವೇ ಬಹಿರಂಗಪಡಿಸಿತು. ರಾತ್ರಿ ಹೊತ್ತು ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕು, ಕಳಿಸದಿದ್ದರೆ ಸಾಮೂಹಿಕ ಕೇಂದ್ರಕ್ಕೆ ಒಯ್ಯುತ್ತೇವೆ ಎಂಬ ಎಚ್ಚರಿಕೆಯೊಂದಿಗೆ ‘ಕ್ವಾರಂಟೈನ್ ವಾಚ್’ ಆ್ಯಪ್ ಬಂತು. ನನ್ನ ಅಣ್ಣನ ಬಳಿ ಇದ್ದುದು ಬಟನ್ ಫೋನು. ಸೆಲ್ಫಿ ಯಾವ ಬಟನ್ನಿನಲ್ಲಿ ಎಂದು ಕೇಳಿದ್ದ. ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡಿನ ಶೀಟು ಹೊಡೆದು ಮುಚ್ಚಿದರು. ಒಂದರಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳು, ಇನ್ನೊಂದರಲ್ಲಿ ವೃದ್ಧ ದಂಪತಿ. ಫೋಟೊ ಹರಿದಾಡಿದ ಮೇಲೆ ಶೀಟು ತೆಗೆಸಿ ಪಾಲಿಕೆ ಆಯುಕ್ತರು ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡ ಮಾತೇ. ಆದರೆ ಬೆಂಕಿ ಬಿದ್ದರೆ ಇವರು ಹೊರಬರುವುದು ಹೇಗೆ ಎಂದು ಶೀಟು ಹೊಡೆಯುವಾಗ ಅಲ್ಲಿದ್ದ ಒಬ್ಬರಿಗೂ ತೋಚಲಿಲ್ಲವೆಂದರೆ, ಒಳಗಿರುವವರನ್ನು ಅವರು ಏನೆಂದು ತಿಳಿದಿದ್ದರು?

ಇನ್ನು ಮೇ 25. ದೇಶದೊಳಗಿನ ವಿಮಾನ ಸಂಚಾರ ಮತ್ತೆ ಆರಂಭವಾದ ಮೊದಲ ದಿನ. ದೆಹಲಿಯಿಂದ ಬಂದವರು ಏಳು ದಿನ ಸಾಂಸ್ಥಿಕ ಕ್ವಾರಂಟೈನ್‌ಗೆ ಒಳಗಾಗಬೇಕೆಂಬ ನಿಯಮ ಜಾರಿಯಲ್ಲಿತ್ತು. ಅಂದು ದೆಹಲಿಯಿಂದ ಬಂದಿಳಿದ ಆಗಿನ ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ನೇರ ಕಾರು ಹತ್ತಿ ಹೋದರು. ಔಷಧ ಪೂರೈಕೆಯ ಹೊಣೆ ತಮ್ಮ ಖಾತೆಯದು, ತಮಗೆ ವಿನಾಯಿತಿ ಇದೆ ಎಂದರು. ನಿಯಮದಲ್ಲಿ ವಿನಾಯಿತಿ ಇದ್ದದ್ದು ನಿಜವೇ. ಅವರ ಕೆಲಸ ಮುಖ್ಯ ಎಂಬುದೂ ನಿಜ. ಆದರೆ ಅದೇ ವಾರ ಶಾಲೆಯ ನೆಲದ ಮೇಲೆ ಮಲಗಿದ್ದವರ ಪಾಲಿಗೆ ಆ ದೃಶ್ಯ ಏನಾಗಿತ್ತು ಎಂದು ನಾನು ಕಿವಿಯಾರೆ ಕೇಳಿದ್ದೇನೆ. ‘ವೈರಸ್ಸಿಗೂ ಖಾತೆ ಗೊತ್ತಾಗ್ತದ ಏನ್ರಿ’ ಎಂದು ಒಳಗಿನಿಂದ ಯಾರೋ ಕೂಗಿದರು. ಆ ರಾತ್ರಿ ಇಬ್ಬರು ಗೋಡೆ ಹಾರಿ ಮನೆಗೆ ಹೋಗಿ ಬಂದರು.

ಇಷ್ಟೆಲ್ಲ ಸಿಟ್ಟು ಹೋಗಬೇಕಾದ ಕಡೆ ಹೋಯಿತೇ ಎಂದರೆ, ಇಲ್ಲ. ಅದು ಹರಿದದ್ದು ಇಳಿಜಾರಿನ ಕಡೆ. ನಮ್ಮೂರಿನ ದಾರಿಗೆ ಜಾಲಿಮುಳ್ಳು ಹಾಕಿ ಕಾವಲು ನಿಂತವರು ನನ್ನ ಓರಗೆಯವರೇ. ಅವರಲ್ಲಿ ಹಲವರು ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಸ್ ಹತ್ತಿ ಬಂದವರು, ಆಗ ಅವರನ್ನು ಯಾರೂ ತಡೆದಿರಲಿಲ್ಲ. ಮಹಾರಾಷ್ಟ್ರದಿಂದ ಬಂದವರನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಮುಂಬೈ ಪಾರ್ಸಲ್’ ಎಂದು ಕರೆದರು. ನಾನೂ ಆ ಗುಂಪಿನಲ್ಲಿದ್ದೆ. ಹಗಲು ರೊಟ್ಟಿ ಒಯ್ದು ಕೊಟ್ಟು, ರಾತ್ರಿ ಆ ಮೆಸೇಜುಗಳನ್ನು ಓದಿ ಸುಮ್ಮನಿದ್ದೆ. ಅಣ್ಣ ಮನೆಗೆ ಬಂದ ಮೇಲೆ ಕಿರಾಣಿ ಅಂಗಡಿಯವರು ಚಿಕ್ಕಮ್ಮನಿಗೆ ಹದಿನೈದು ದಿನ ಸಾಮಾನು ಕೊಡಲಿಲ್ಲ. ಆಗಲೂ ನಾನು ಜಗಳವಾಡಲಿಲ್ಲ, ಬೇರೆ ಊರಿನಿಂದ ಸಾಮಾನು ತಂದುಕೊಟ್ಟೆ ಅಷ್ಟೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲೂ 2020ರಲ್ಲಿ ಕ್ವಾರಂಟೈನ್ ಸೋತಿತು. ವಿದೇಶದಿಂದ ಬಂದವರನ್ನು ಹೋಟೆಲ್‌ಗಳಲ್ಲಿ ಇರಿಸಿ, ಕಾವಲನ್ನು ಖಾಸಗಿ ಭದ್ರತಾ ಕಂಪನಿಗಳಿಗೆ ವಹಿಸಿದರು. ಅವು ಒಳಗುತ್ತಿಗೆ ಕೊಟ್ಟವು. ದಿನಗೂಲಿಯಂತೆ ದುಡಿಯುವ, ತರಬೇತಿ ಸಾಲದ ಕಾವಲುಗಾರರಿಗೆ ಸೋಂಕು ತಗುಲಿ, ಅವರ ಮನೆಗಳಿಗೆ ದಾಟಿತು. ಆ ನಗರ ರಾತ್ರಿ ಕರ್ಫ್ಯೂಗೆ ಒಳಗಾಯಿತು. ಅಲ್ಲೂ ಮೊದಲು ಎಲ್ಲರೂ ಬೈದದ್ದು ಕಾವಲುಗಾರರನ್ನೇ. ವ್ಯತ್ಯಾಸವಿರುವುದು ಆಮೇಲಿನದರಲ್ಲಿ. ನಿವೃತ್ತ ನ್ಯಾಯಾಧೀಶೆ ಜೆನ್ನಿಫರ್ ಕೋಟ್ ನೇತೃತ್ವದಲ್ಲಿ ವಿಚಾರಣೆ ನಡೆಯಿತು, ಯಾರು ಬೇಕಾದರೂ ಅದನ್ನು ನೇರವಾಗಿ ನೋಡಬಹುದಿತ್ತು. ಎರಡನೇ ಅಲೆಯ ಶೇ 90ಕ್ಕೂ ಹೆಚ್ಚು ಪ್ರಕರಣಗಳ ಬೇರು ಎರಡು ಹೋಟೆಲ್‌ಗಳಲ್ಲಿದೆ ಎಂದು ವೈರಾಣುವಿನ ವಂಶವಾಹಿ ಪರೀಕ್ಷೆ ಆಧರಿಸಿ 2020ರ ಆಗಸ್ಟ್‌ನಲ್ಲಿ ತಜ್ಞರು ಹೇಳಿಕೆ ಕೊಟ್ಟರು. ಖಾಸಗಿ ಕಾವಲು ಸಾಕು ಎಂದು ತೀರ್ಮಾನಿಸಿದ್ದು ಯಾರು ಎಂಬುದನ್ನು ಆಯೋಗ ಬೆನ್ನು ಹತ್ತಿತು. ನಮ್ಮಲ್ಲಿ ಎಂಟನೇ ದಿನ ಗೇಟು ತೆರೆಯಿರಿ ಎಂದವರು ಯಾರು ಎಂದು ಕೇಳಲು ಆಗ ಅಂಥ ಒಂದು ವೇದಿಕೆಯೂ ಇರಲಿಲ್ಲ.

ನಮ್ಮ ವ್ಯವಸ್ಥೆಯೂ ನಿಂತದ್ದು ಅಂಥವರ ಹೆಗಲ ಮೇಲೆಯೇ. ಮನೆ ಕ್ವಾರಂಟೈನ್‌ನಲ್ಲಿದ್ದವರ ಬಾಗಿಲಿಗೆ ದಿನಾ ಹೋಗಿ ಜ್ವರ ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42 ಸಾವಿರ ಆಶಾಗಳು ಜುಲೈ 10ರಿಂದ ಮುಷ್ಕರ ಕೂತರು, ತಿಂಗಳಿಗೆ 12 ಸಾವಿರ ರೂಪಾಯಿ ನಿಶ್ಚಿತ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೊಡಿ ಎಂದು. ನಮ್ಮ ಓಣಿಗೆ ಬರುತ್ತಿದ್ದ ಅಕ್ಕ ಸೀರೆಯ ಸೆರಗನ್ನೇ ಮಾಸ್ಕ್ ಮಾಡಿಕೊಂಡಿದ್ದರು. ಕೇರಳದಲ್ಲಿ ಕುಟುಂಬಶ್ರೀ ಮಹಿಳೆಯರ ಸಮುದಾಯ ಅಡುಗೆಮನೆಗಳಿಂದ ಕ್ವಾರಂಟೈನ್‌ನಲ್ಲಿದ್ದವರ ಮನೆಗೆ ಊಟ ಹೋಗುತ್ತಿತ್ತು. ಅಲ್ಲಿಯೂ ಎಲ್ಲ ಸರಿಯಿರಲಿಲ್ಲ, ಸೋಂಕು ಅಲ್ಲೂ ಏರುತ್ತಿತ್ತು. ಆದರೆ ಒಳಗಿರುವವನಿಗೆ ಹಸಿವಾಗುತ್ತದೆ ಎಂಬುದನ್ನು ಅವರು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಂಡರು.

ಉದ್ಯೋಗ ಹುಡುಕುತ್ತಿರುವ ನಮ್ಮಂಥವರಿಗೆ ಈ ಪ್ರಶ್ನೆ ಬೇರೆ ರೀತಿಯಲ್ಲೂ ಹತ್ತಿರದ್ದು. ಪರೀಕ್ಷೆಗಳು ಮುಂದಕ್ಕೆ ಹೋದವು, ಆಗ ಕಣ್ಣಿಗೆ ಬಿದ್ದ ಜಾಹೀರಾತುಗಳಲ್ಲಿ ಬಹುಪಾಲು ಆರು ತಿಂಗಳ ಗುತ್ತಿಗೆಯವು: ಡೇಟಾ ಎಂಟ್ರಿ ಆಪರೇಟರ್, ಲ್ಯಾಬ್ ಟೆಕ್ನೀಷಿಯನ್, ಕೋವಿಡ್ ಕೇಂದ್ರದ ಸಹಾಯಕ. ನಾನೂ ಎರಡಕ್ಕೆ ಅರ್ಜಿ ಹಾಕಿದ್ದೇನೆ. ಕೆಲಸ ಸಿಕ್ಕಿದರೆ ಅಂಥದ್ದೇ ಗೇಟಿನಲ್ಲಿ ರಿಜಿಸ್ಟರ್ ಹಿಡಿದು ಕೂರಬೇಕಾದವನು ನಾನು. ವರದಿ ಬಂದಿಲ್ಲ ಎಂದವರಿಗೆ ಏನು ಹೇಳಬೇಕು, ಬುತ್ತಿ ತಂದವರನ್ನು ಹೇಗೆ ತಡೆಯಬೇಕು ಎಂದು ಆ ಜಾಹೀರಾತುಗಳಲ್ಲಿ ಇಲ್ಲ. ಸಂಬಳವೂ ‘ನಿಯಮಾನುಸಾರ’ ಎಂದಷ್ಟೇ ಇದೆ.

ಅಣ್ಣ ಮೊನ್ನೆ ಪುಣೆಗೆ ಹೊರಟ. ಮೇಸ್ತ್ರಿ ಮೂರು ಸಲ ಫೋನ್ ಮಾಡಿದ್ದ. ಇಲ್ಲಿ ಬಿತ್ತಿದ್ದು ಕೈಗೆ ಬರಲು ಇನ್ನೂ ಸಮಯವಿದೆ, ಸಾಲಕ್ಕೆ ಅಷ್ಟು ಸಮಯವಿಲ್ಲ. ಬಸ್ ನಿಲ್ದಾಣದಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ನಾನೇ ಕೈಗಿಟ್ಟೆ. ‘ಅಲ್ಲಿ ಇಳದ ಮ್ಯಾಲ ಎಲ್ಲೆರೆ ಕೂಡಿ ಹಾಕ್ತಾರೇನು, ಕೇಳಿ ಹೇಳು’ ಅಂದ. ಮೊಬೈಲ್‌ನಲ್ಲಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಬಸ್ ಬಂತು. ರೊಟ್ಟಿ ಎರಡು ದಿನಕ್ಕೆ ಆಗುವಷ್ಟಿದೆ ಎಂದಷ್ಟೇ ಹೇಳಿದೆ.