ನರ್ಸಿಂಗ್ ಸ್ನಾತಕೋತ್ತರ ಪದವಿ: ಪುತ್ತೂರು, ಸುಳ್ಯ, ಕಡಬದ ಮನೆಗಳು ಯೋಚಿಸಬೇಕಾದ ವಿಷಯ

ಪುತ್ತೂರು, ಸುಳ್ಯ, ಕಡಬ ಕಡೆಯ ಜೈನ ಮನೆಗಳಲ್ಲಿ ಮಕ್ಕಳ ಓದಿನ ಮಾತು ಬಂದರೆ ಮೊದಲು ಎಂಜಿನಿಯರಿಂಗ್, ನಂತರ ಮೆಡಿಕಲ್, ಅದೂ ಆಗದಿದ್ದರೆ ಸಿ.ಎ. ಅಥವಾ ಬಿ.ಕಾಂ. ನರ್ಸಿಂಗ್ ಹೆಸರು ಬರುವುದು ಕೊನೆಗೆ, ಅದೂ ತಗ್ಗಿದ ದನಿಯಲ್ಲಿ. ಆ ಕೋರ್ಸಿಗೆ ಸೇರಿದ ಮಕ್ಕಳಿರುವ ಮನೆಗಳಲ್ಲಿ ನಾಲ್ಕು ವರ್ಷ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಬಿ.ಎಸ್‌ಸಿ. ನರ್ಸಿಂಗ್ ಆಯಿತು, ಮುಂದೇನು? ಬೆಂಗಳೂರೋ, ಗಲ್ಫೋ, ಇಲ್ಲವೇ ಎಂ.ಎಸ್‌ಸಿ.ಯೋ?

ಎಂ.ಎಸ್‌ಸಿ. ನರ್ಸಿಂಗ್ ಎರಡು ವರ್ಷದ್ದು. ಬಿ.ಎಸ್‌ಸಿ.ಯಲ್ಲಿ ಕನಿಷ್ಠ ಶೇ. 55 ಅಂಕ, ನರ್ಸಿಂಗ್ ಪರಿಷತ್ತಿನ ನೋಂದಣಿ, ಒಂದು ವರ್ಷದ ಕೆಲಸದ ಅನುಭವ ಬೇಕು. ಮೆಡಿಕಲ್ ಸರ್ಜಿಕಲ್, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ಐದು ವಿಭಾಗಗಳಿವೆ. ಮೊದಲ ವರ್ಷದ ಪಠ್ಯದಲ್ಲಿ ಉನ್ನತ ನರ್ಸಿಂಗ್ ವೃತ್ತಿ ಎಂಬುದೇ ಒಂದು ವಿಷಯ. ಎರಡನೇ ವರ್ಷ ಆಡಳಿತ ಮತ್ತು ನಾಯಕತ್ವಕ್ಕೆ ಸಂಬಂಧಿಸಿದ ನರ್ಸಿಂಗ್ ಮ್ಯಾನೇಜ್‌ಮೆಂಟ್ ಇದೆ. ಪುಸ್ತಕ ನೋಡಿದರೆ ಇದು ವಾರ್ಡು ನಡೆಸುವ, ಕಷ್ಟದ ರೋಗಿಯನ್ನು ನೋಡುವ ಹಿರಿಯ ನರ್ಸ್‌ಗಳನ್ನು ತಯಾರು ಮಾಡುವ ಕೋರ್ಸು.

ನಡೆಯುತ್ತಿರುವುದು ಬೇರೆ. ಎಂ.ಎಸ್‌ಸಿ. ಮುಗಿಸಿದವರಲ್ಲಿ ಹೆಚ್ಚಿನವರು ಸೇರುವುದು ನರ್ಸಿಂಗ್ ಕಾಲೇಜಿನ ಉಪನ್ಯಾಸಕರಾಗಿ. ನಿಯಮದ ಪ್ರಕಾರ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಬೇಕು. ರಾಜ್ಯದಲ್ಲಿ ಕಾಲೇಜುಗಳಿಗೆ ಬರವಿಲ್ಲ. ಪಾಠ ಹೇಳುವುದು ಕೀಳು ಕೆಲಸವಲ್ಲ. ಆದರೆ ಹೆಚ್ಚು ಓದಿದಷ್ಟೂ ರೋಗಿಯ ಮಂಚದಿಂದ ದೂರ ಹೋಗುವುದು ವಿಚಿತ್ರ. ಸರಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಗೆ ಬಡ್ತಿ ಬರುವುದು ಹೆಚ್ಚಾಗಿ ಸೇವಾ ಹಿರಿತನದಿಂದ. ತೀವ್ರ ನಿಗಾ ಘಟಕದಲ್ಲೇ ನಿಂತು ಕೆಲಸ ಮಾಡುತ್ತೇನೆ ಎನ್ನುವ ಎಂ.ಎಸ್‌ಸಿ. ಪದವೀಧರೆಗೆ ಅದಕ್ಕೆ ತಕ್ಕ ಕುರ್ಚಿ ಸಿಗುವುದು ಕಷ್ಟ.

ಈ ಕೊರತೆ ತುಂಬಲೆಂದೇ ಭಾರತೀಯ ನರ್ಸಿಂಗ್ ಪರಿಷತ್ತು ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ರೂಪಿಸಿತು. ಇದು ರೆಸಿಡೆನ್ಸಿ ಮಾದರಿ. ತರಗತಿಗಿಂತ ಐ.ಸಿ.ಯು.ನಲ್ಲಿ ಕಳೆಯುವ ಹೊತ್ತೇ ಹೆಚ್ಚು. ಜಗತ್ತಿಗೆ ಈ ಕಲ್ಪನೆ ಹೊಸತಲ್ಲ. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದನ್ನು ಶುರು ಮಾಡಿದ್ದು, ವೈದ್ಯರು ಸಿಗದ ಊರುಗಳ ಮಕ್ಕಳಿಗಾಗಿ. ಇಂದು ಅಲ್ಲಿ ನರ್ಸ್ ಪ್ರಾಕ್ಟೀಷನರ್ ಎಂದರೆ ಪರೀಕ್ಷಿಸುವ, ಔಷಧ ಬರೆಯುವ ಅಧಿಕಾರವಿರುವವರು. ನಮ್ಮಲ್ಲಿ ಕೋರ್ಸು ಬಂತು, ಹುದ್ದೆ ಬರಲಿಲ್ಲ. 1947ರ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಆಗಿದೆ. ಆದರೆ ಹುದ್ದೆ ಮಂಜೂರು ಮಾಡಬೇಕಾದವರು ರಾಜ್ಯ ಸರಕಾರ ಮತ್ತು ಆಸ್ಪತ್ರೆ ನಡೆಸುವವರು.

ಇಂಥವರು ಬೇಕಾಗಿರುವುದು ಎಲ್ಲಿ ಎಂದು ಕೇಳಿದರೆ ಈ ಮೂರು ತಾಲೂಕುಗಳನ್ನೇ ತೋರಿಸಬಹುದು. ಮಂಗಳೂರು ಪುತ್ತೂರಿಗೆ ಸುಮಾರು 50 ಕಿ.ಮೀ., ಸುಳ್ಯಕ್ಕೆ 85ರಷ್ಟು, ಸುಬ್ರಹ್ಮಣ್ಯಕ್ಕೆ ನೂರು ದಾಟುತ್ತದೆ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ಕೆವಿಜಿ ವೈದ್ಯಕೀಯ ಕಾಲೇಜು ಇರುವುದು ಆ ಭಾಗದ ಭಾಗ್ಯ. ಜೊತೆಗೆ ನರ್ಸಿಂಗ್ ಕಾಲೇಜೂ ಇದೆ. ಪುತ್ತೂರಿನಲ್ಲಿ ತಾಲೂಕು ಆಸ್ಪತ್ರೆ ಮತ್ತು ಕೆಲವು ಖಾಸಗಿ ಆಸ್ಪತ್ರೆಗಳಿವೆ. ಹೊಸ ತಾಲೂಕಾದ ಕಡಬಕ್ಕೆ ಸಮುದಾಯ ಆರೋಗ್ಯ ಕೇಂದ್ರವೇ ಆಸರೆ. ಶಿರಾಡಿ ಘಾಟಿಯ ಕೆಳಗೆ ಗುಂಡ್ಯ, ನೆಲ್ಯಾಡಿ ಭಾಗದಲ್ಲಿ ರಾತ್ರಿ ಅಪಘಾತವಾದರೆ, ಅಡಿಕೆ ಮರದಿಂದ ಯಾರಾದರೂ ಬಿದ್ದರೆ, ತೋಟದಲ್ಲಿ ಹಾವು ಕಚ್ಚಿದರೆ, ಮೊದಲ ಒಂದು ಗಂಟೆಯಲ್ಲಿ ಕೈಗೆ ಸಿಗುವುದು ತಜ್ಞ ವೈದ್ಯರಲ್ಲ, ಡ್ಯೂಟಿಯಲ್ಲಿರುವ ನರ್ಸ್. ಅವರಿಗೆ ಎಷ್ಟು ಗೊತ್ತು ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಎಂಡೋಸಲ್ಫಾನ್ ವಿಷಯವೂ ಇದೆ. ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಫಲವನ್ನು ಕೊಕ್ಕಡ, ಕೊಯಿಲ, ಆಲಂಕಾರು ಕಡೆಯ ಮನೆಗಳು ಇಂದಿಗೂ ಉಣ್ಣುತ್ತಿವೆ. ಹಾಸಿಗೆ ಬಿಟ್ಟೇಳದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಅಲ್ಲಿಗೆ ಬೇಕಾದ್ದು ಆಪರೇಷನ್ ಥಿಯೇಟರ್ ಅಲ್ಲ. ಮನೆಗೇ ಬಂದು ಹುಣ್ಣು ನೋಡುವ, ನಳಿಕೆ ಬದಲಿಸುವ, ಫಿಟ್ಸ್ ಔಷಧದ ಲೆಕ್ಕ ತಿಳಿದಿರುವ ನರ್ಸ್.

ನಮ್ಮ ಸಮಾಜದ ದೊಡ್ಡ ಮನೆಗಳ ಕತೆ ಬೇರೆಯೇನಲ್ಲ. ಮಕ್ಕಳು ಬೆಂಗಳೂರಲ್ಲಿ, ಅಮೆರಿಕದಲ್ಲಿ. ತೋಟದ ನಡುವಿನ ಮನೆಯಲ್ಲಿ ಎಂಬತ್ತು ದಾಟಿದ ಇಬ್ಬರು. ಹಣಕ್ಕೆ ಕೊರತೆಯಿಲ್ಲ, ಕೈಹಿಡಿದು ಎಬ್ಬಿಸುವವರಿಲ್ಲ. ಹೋಮ್ ನರ್ಸ್ ಬೇಕೆಂದು ಊರೆಲ್ಲ ಫೋನು ಮಾಡುವ ಮನೆಯವರೇ, ಮಗಳು ನರ್ಸಿಂಗ್ ಓದುತ್ತೇನೆಂದರೆ ಮುಖ ಸಣ್ಣದು ಮಾಡುತ್ತಾರೆ.

ಹೀಗೆ ಮುಖ ಸಣ್ಣದು ಮಾಡಲು ಧರ್ಮದಲ್ಲಿ ಆಧಾರವಿಲ್ಲ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯ ಒಂದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲೂ ಅದಿದೆ. ನಾಲ್ಕು ದಾನಗಳಲ್ಲಿ ಔಷಧದಾನ ಇದೆ. ಶಿವಕೋಟಿ ಆಚಾರ್ಯರ ಭಗವತೀ ಆರಾಧನೆಯಲ್ಲಿ ಸಲ್ಲೇಖನ ಹಿಡಿದ ಒಬ್ಬ ಕ್ಷಪಕನಿಗೆ 48 ಮಂದಿ ನಿರ್ಯಾಪಕ ಮುನಿಗಳನ್ನು ಹೇಳಿದೆ. ನಾಲ್ವರು ನಾಲ್ವರಂತೆ ಕೆಲಸ ಹಂಚಿದೆ. ಮೈ ಎತ್ತಿ ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಆಹಾರ ನೋಡುವವರು, ಪಾನೀಯ ನೋಡುವವರು, ಮಲಮೂತ್ರ ತೆಗೆದು ಶುದ್ಧಿ ಮಾಡುವವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು. ಇಂದಿನ ಆಸ್ಪತ್ರೆಯ ಡ್ಯೂಟಿ ಪಟ್ಟಿಯೇ ಇದು. ಮಲಮೂತ್ರ ತೆಗೆಯುವ ಕೆಲಸವನ್ನು ಮುನಿಗಳಿಗೇ ವಹಿಸಿರುವಾಗ ಶ್ರಾವಕರ ಮನೆಯಲ್ಲಿ ಅದು ಕೀಳಾಗಲು ಸಾಧ್ಯವೇ?

ತಂದೆತಾಯಿಗಳ ಆತಂಕ ಸುಳ್ಳೆಂದು ಹೇಳುವಂತಿಲ್ಲ. ರಾತ್ರಿ ಪಾಳಿಯಲ್ಲಿ ಸೂರ್ಯಾಸ್ತದ ಮೊದಲು ಉಣ್ಣುವ ನಿಯಮ ಉಳಿಸಿಕೊಳ್ಳುವುದು ಹೇಗೆ, ಹಾಸ್ಟೆಲಿನಲ್ಲಿ ಕಂದಮೂಲ ಇಲ್ಲದ ಅಡುಗೆ ಸಿಗುತ್ತದೆಯೇ, ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಏನೆನ್ನುತ್ತಾರೆ ಎಂಬುದೆಲ್ಲ ನಿಜವಾದ ಪ್ರಶ್ನೆಗಳೇ. ಮೊದಲ ಎರಡಕ್ಕೆ ಸಂಜೆ ಐದಕ್ಕೆ ಕೊಂಡೊಯ್ಯುವ ಬುತ್ತಿ, ಸಮಾಜದ ವಿದ್ಯಾರ್ಥಿನಿಲಯ ಎಂಬ ದಾರಿಗಳಿವೆ. ಮೂರನೆಯದಕ್ಕೆ ಗಂಡಿನ ಕಡೆಯವರೇ ಬದಲಾಗಬೇಕು. ಅವರ ಮನೆಯಲ್ಲೂ ಅಜ್ಜಿ ಇರುತ್ತಾರಲ್ಲ.

ಸರಕಾರ ಒಂದು ಅರ್ಧ ಹೆಜ್ಜೆ ಇಟ್ಟಿದೆ. 2018ರ ಆಯುಷ್ಮಾನ್ ಭಾರತದಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಬಿ.ಎಸ್‌ಸಿ. ನರ್ಸ್‌ಗಳು ಬಂದರು. ಬಿ.ಪಿ., ಸಕ್ಕರೆ ಕಾಯಿಲೆ ಅಲ್ಲೇ ನೋಡುವಂತಾದುದು ಒಳ್ಳೆಯದೇ. ಆದರೆ ಅವರು ಗುತ್ತಿಗೆ ನೌಕರರು, ಖಾಯಂ ಮಾಡಿ ಎಂದು ಮುಷ್ಕರ ಹೂಡಬೇಕಾದ ಸ್ಥಿತಿ. ಅಂಥ ಕೆಲಸ ನಂಬಿ ಯಾರು ಊರಲ್ಲಿ ಉಳಿದಾರು?

2025ರ ರಾಜ್ಯ ಬಜೆಟ್‌ನಲ್ಲಿ ಪುತ್ತೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ಘೋಷಣೆಯಾಗಿದೆ. ಊರಿನಲ್ಲಿ ಚರ್ಚೆ ಎಲ್ಲ ಜಾಗ, ಕಟ್ಟಡ, ಎಂ.ಬಿ.ಬಿ.ಎಸ್. ಸೀಟುಗಳ ಬಗ್ಗೆ. ಅದರ ಐ.ಸಿ.ಯು., ಅಪಘಾತ ವಿಭಾಗಗಳಲ್ಲಿ ಸ್ನಾತಕೋತ್ತರ ನರ್ಸ್‌ಗಳಿಗೆ ಪ್ರತ್ಯೇಕ ಹುದ್ದೆ ಇರಬೇಕು ಎಂದು ಕೇಳಲು ಇದೇ ಸಮಯ. ಕಾಲೇಜು ಶುರುವಾದ ಮೇಲೆ ಹುದ್ದೆ ಸೇರಿಸುವುದು ಎಷ್ಟು ಕಷ್ಟ ಎಂದು ಸರಕಾರಿ ಕಚೇರಿಗೆ ಓಡಾಡಿದವರಿಗೆ ಗೊತ್ತು. ಆಸ್ಪತ್ರೆ ನಡೆಸುವ ಜೈನರೂ ಇದ್ದಾರೆ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಎಸ್‌ಡಿಎಂ ಸಂಸ್ಥೆಗಳಲ್ಲಿ ಧಾರವಾಡದ ನರ್ಸಿಂಗ್ ಕಾಲೇಜೂ ಸೇರಿದೆ. ಹುದ್ದೆಯ ಮಾದರಿಯೊಂದನ್ನು ಅಂಥ ಕಡೆ ಮೊದಲು ಮಾಡಿ ತೋರಿಸಿದರೆ ಸರಕಾರಕ್ಕೂ ಹೇಳಲು ಬಾಯಿ ಬರುತ್ತದೆ.

ಈ ವರ್ಷ ಸೇರುವವರು ಕಾಲೇಜಿನ ಕಟ್ಟಡ ನೋಡುವ ಬದಲು ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಲ್ಲಿ ನಿಜಕ್ಕೂ ರೋಗಿಗಳಿದ್ದಾರೆ ಎಂದು ನೋಡಬೇಕು. ಎಂ.ಎಸ್‌ಸಿ.ಗೆ ಹೋಗುವವರು ಮೊದಲ ಒಂದು ವರ್ಷದ ಅನುಭವವನ್ನು ಸರ್ಟಿಫಿಕೇಟಿಗಾಗಿ ಅಲ್ಲದೆ ದೊಡ್ಡ ಐ.ಸಿ.ಯು. ಅಥವಾ ಹೆರಿಗೆ ವಾರ್ಡಿನಲ್ಲಿ ಮಾಡುವುದು ಒಳ್ಳೆಯದು. ಅಲ್ಪಸಂಖ್ಯಾತ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ತಾವು ಆರಿಸಿದ ಕೋರ್ಸು ಸೇರಿದೆಯೇ ಎಂದು ಫೀಸು ಕಟ್ಟುವ ಮೊದಲೇ ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ವಿದ್ಯಾರ್ಥಿವೇತನ ಕೊಡುವ ಸಮಾಜದ ಟ್ರಸ್ಟುಗಳು ಅರ್ಜಿಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಎಂದು ಅಚ್ಚು ಹಾಕಿರುವ ಸಾಲಿಗೆ ನರ್ಸಿಂಗ್ ಎಂಬ ಒಂದು ಪದ ಸೇರಿಸಲು ಮುಂದಿನ ಸಭೆಯವರೆಗೂ ಕಾಯಬೇಕಿಲ್ಲ.