ಮೊದಲು ಆರೋಗ್ಯದ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯದು. ಆದರೆ ಮೊದಲು ಅವರಿಗೆ ಆರೋಗ್ಯವನ್ನು ಹಾರೈಸಿ, ಅನಂತರ ಆಜ್ಞೆಯನ್ನು ತಿಳಿಸಬೇಕೆಂದು ಅದರಲ್ಲಿಯೇ ಬರೆದಿದೆ.

ಬೆಂಗಳೂರಿನ ಪೀಣ್ಯದಲ್ಲಿ ಕುಳಿತು ಉಪಗ್ರಹಗಳನ್ನು ನಡೆಸುವ ಇಸ್ಟ್ರಾಕ್ ಕೇಂದ್ರದವರ ಕ್ರಮವೂ ಇದೇ ಎಂಬುದು ಸೋಜಿಗ. ಕೆಳಕಕ್ಷೆಯ ಉಪಗ್ರಹವು ಒಂದು ನೆಲೆಯ ಕಣ್ಣಿಗೆ ಬೀಳುವುದು ಒಮ್ಮೆಗೆ ಹತ್ತು ನಿಮಿಷ, ಹೆಚ್ಚೆಂದರೆ ಇನ್ನೊಂದೆರಡು. ಅಷ್ಟರಲ್ಲಿ ಬ್ಯಾಟರಿಯ ಬಲವೆಷ್ಟು, ಒಡಲಿನ ತಾಪವೆಷ್ಟು, ಮುಖ ಎತ್ತ ತಿರುಗಿದೆ ಎಂದು ವಿಚಾರಿಸಬೇಕು. ಅದನ್ನು ಅವರು 'ಆರೋಗ್ಯ'ವೆಂದೇ ಕರೆಯುತ್ತಾರೆ. ಆಜ್ಞೆ ಹೊರಡುವುದು ಆಮೇಲೆ. ಇಲ್ಲಿ ಮರೆಯಾದದ್ದನ್ನು ಲಖನೌ, ಮಾರಿಷಸ್, ಬಿಯಾಕ್ ನೆಲೆಗಳು ಹಿಡಿಯುತ್ತವೆ. ಇದಕ್ಕೆಲ್ಲ ಎಷ್ಟೋ ಮೊದಲೇ ತಾಲೀಮು ನಡೆದಿರುತ್ತದೆ. ಉಪಗ್ರಹದ ಪಾತ್ರವನ್ನು ಗಣಕಯಂತ್ರ ವಹಿಸುತ್ತದೆ. ಬೇಕೆಂದೇ ದೋಷಗಳನ್ನು ಹುಟ್ಟಿಸಿ ಕುಳಿತವರ ಬುದ್ಧಿಯನ್ನು ಒರೆಗೆ ಹಚ್ಚುತ್ತಾರೆ. ನಾಟಕದ ಮಂಡಳಿಗಳಲ್ಲಿಯೂ ಇಷ್ಟು ಕಟ್ಟುನಿಟ್ಟು ಕಾಣೆವು.

ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ನಡೆದದ್ದು ಇನ್ನೂ ಕಠಿಣವಾದ ಪಾಠ. 2023ರ ಏಪ್ರಿಲ್ 2ರಂದು ರೆಕ್ಕೆಯ ಉಡಾವಣಾ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಬಿಟ್ಟರು. ಸ್ಥಾನ, ವೇಗ, ಎತ್ತರ ಮೊದಲಾದ ಹತ್ತು ಅಂಶಗಳು ಕೂಡಿಬಂದ ಮೇಲೆಯೇ ಅದು ಕೊಂಡಿ ಕಳಚಿಕೊಂಡಿತು. 2024ರ ಜೂನ್ 23ರ ಪ್ರಯೋಗದಲ್ಲಿ 'ಪುಷ್ಪಕ'ವನ್ನು 4.5 ಕಿಲೋಮೀಟರ್ ಎತ್ತರದಿಂದ, ಓಡುಹಾದಿಯ ನೇರಕ್ಕೆ 500 ಮೀಟರ್ ಓರೆಯಾಗಿ, ಬೇಕೆಂದೇ ತಪ್ಪು ಜಾಗದಲ್ಲಿ ಬಿಡಲಾಯಿತು. ಅದು ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಬಿಟ್ಟ ಮೇಲೆ ಅದನ್ನು ನಡೆಸುವ ಕೈ ನೆಲದ ಮೇಲಿರಲಿಲ್ಲ. ಹೇಳಬೇಕಾದುದನ್ನೆಲ್ಲ ಮುಂಚೆಯೇ ಹೇಳಿ ಮುಗಿದಿತ್ತು.

ಆದರೆ ಆ ನೆಲಕ್ಕೆ ಹಾಗೆ ಮುಂಚೆಯೇ ಹೇಳಿದವರಾರು? ವಿಜ್ಞಾನ ಸಂಸ್ಥೆಗಳಿಗೆ ಹಂಚಿದ ಸುಮಾರು 10,000 ಎಕರೆಯ ಬಹುಭಾಗ ಅಮೃತಮಹಲ್ ಕಾವಲು. ದನ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು, ಕಂಬಳಿ ನೇಯುವವರ ಬದುಕಿನ ಬೇರು. ಬೇಲಿ ಗೋಡೆಗಳು ಎದ್ದಾಗಲಷ್ಟೇ ತಮಗೆ ವಿಷಯ ತಿಳಿಯಿತೆಂದು ಹಳ್ಳಿಗರು ದೂರಿದರು. 2013ರಲ್ಲಿ ವ್ಯಾಜ್ಯವು ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. ಈ ಪ್ರಯೋಗಗಳು ದೇಶಕ್ಕೆ ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಉಳಿದ ಕಾವಲುಗಳ ಗಡಿಯನ್ನು ಗುರುತಿಸಿ ಮೇವಿಗೆ ಕಾಯ್ದಿರಿಸಲಿ. ಮುಂದಿನ ಪ್ರಯೋಗಕ್ಕೆ ವಾರ ಮೊದಲು ವಿಜ್ಞಾನಿಯೊಬ್ಬರು ಹತ್ತಿರದ ಹಳ್ಳಿಯ ಶಾಲೆಗೆ ಹೋಗಿ, ಏನು ನಡೆಯಲಿದೆಯೆಂದು ಕನ್ನಡದಲ್ಲಿ ತಿಳಿಸಲಿ. ಕುರಿಗಾಹಿಗಳೂ ಆ ಸಭೆಯಲ್ಲಿರಲಿ. ಕೇಳಲು ಅವರಲ್ಲಿ ಪ್ರಶ್ನೆಗಳಿವೆ.