ಕಾಲು ಕಳೆದುಕೊಂಡವರಿಗೆ ಕಿವಿಯ ಸೂಜಿ: ಪುರಾವೆ ಎಲ್ಲಿ?

ಕಾಲು ತೆಗೆದ ಮೇಲೂ ಇಲ್ಲದ ಪಾದ ಉರಿಯುತ್ತದೆ, ಇಲ್ಲದ ಬೆರಳುಗಳು ಸೆಟೆದುಕೊಂಡು ನೋಯುತ್ತವೆ. ಇಲ್ಲದ ಅಂಗದ ಈ ಅನುಭವಕ್ಕೆ ‘ಫ್ಯಾಂಟಮ್ ಲಿಂಬ್’ ಎಂದು 1871ರಲ್ಲಿ ಹೆಸರಿಟ್ಟವನು, ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ್ದ ವೈದ್ಯ ಸೈಲಸ್ ವೀಯರ್ ಮಿಚೆಲ್. ಕತ್ತರಿಸಿದ ನರದ ತುದಿ ಗಂಟುಗಟ್ಟಿ ಮೊಂಡುಗಾಲಿನಲ್ಲೇ ಹುಟ್ಟುವ ನೋವು ಬೇರೆ. ಬೆನ್ನುಹುರಿ, ಮಿದುಳುಗಳ ಪಾಲೂ ಇರುವ ಫ್ಯಾಂಟಮ್ ನೋವು ಬೇರೆ. ಎರಡೂ ಒಬ್ಬರನ್ನೇ ಕಾಡುವುದುಂಟು. ಮಾತ್ರೆಗಳಿಂದ ಪೂರ್ತಿ ಶಮನ ಸಿಗುವುದು ಅಪರೂಪ.

ಈ ಅಸಹಾಯಕತೆಯ ನಡುವೆ ಬಂದದ್ದು ‘ರಣರಂಗದ ಅಕ್ಯುಪಂಕ್ಚರ್’. ಅಮೆರಿಕದ ವಾಯುಪಡೆಯ ವೈದ್ಯ ರಿಚರ್ಡ್ ನೀಮ್‌ಜೋವ್ 2001ರಲ್ಲಿ ರೂಪಿಸಿದ ಈ ವಿಧಾನ ಅಲ್ಲಿನ ಸೇನಾ ಆಸ್ಪತ್ರೆಗಳಿಗೂ ಮಾಜಿ ಸೈನಿಕರ ಆಸ್ಪತ್ರೆಗಳಿಗೂ ಸರ್ಕಾರಿ ಖರ್ಚಿನಲ್ಲಿ ಹಬ್ಬಿತು. ಕಿವಿಯ ಒಂದು ಬಿಂದುವಿಗೆ ಪುಟ್ಟ ಚಿನ್ನದ ಸೂಜಿ ಒತ್ತುತ್ತಾರೆ, ರೋಗಿಯನ್ನು ಸ್ವಲ್ಪ ನಡೆದಾಡಿಸಿ ನೋವು ಈಗ ಎಷ್ಟಿದೆ ಎಂದು ಕೇಳುತ್ತಾರೆ. ಮತ್ತೊಂದು ಸೂಜಿ, ಮತ್ತೆ ಅದೇ ಪ್ರಶ್ನೆ. ಒಂದೊಂದು ಕಿವಿಗೆ ಐದರವರೆಗೆ. ಇದರ ಹಿಂದಿರುವ, ಕಿವಿಯ ಬಿಂದುಗಳನ್ನು ದೇಹದ ಭಾಗಗಳಿಗೆ ಹೊಂದಿಸುವ ನಕ್ಷೆ ಪ್ರಾಚೀನ ಚೀನಾದ್ದಲ್ಲ. ಫ್ರಾನ್ಸಿನ ವೈದ್ಯ ಪಾಲ್ ನೋಜಿಯೇ 1950ರ ದಶಕದಲ್ಲಿ ಮುಂದಿಟ್ಟದ್ದು.

ತೊಡಕಿರುವುದು ‘ನೋವು ಈಗ ಎಷ್ಟಿದೆ’ ಎಂಬ ಆ ಪ್ರಶ್ನೆಯಲ್ಲೇ. ಫ್ಯಾಂಟಮ್ ನೋವು ಬಿಟ್ಟು ಬಿಟ್ಟು ಬರುವಂಥದ್ದು. ಅದು ಏರಿದಾಗ ರೋಗಿ ವೈದ್ಯರ ಬಳಿ ಬರುತ್ತಾನೆ. ಸೂಜಿ ಇಲ್ಲದಿದ್ದರೂ ಇಳಿಯುತ್ತಿತ್ತೋ ಏನೋ, ಹೇಳುವವರಾರು? ಸಮವಸ್ತ್ರದ ವೈದ್ಯರ ಮುಂದೆ ಕೂತ ಸೈನಿಕನಿಗೆ, ಐದನೇ ಸಲ ಕೇಳಿದಾಗಲೂ ‘ಕಡಿಮೆಯಾಗಿಲ್ಲ’ ಎನ್ನುವುದು ಸುಲಭವಲ್ಲ. ಒಬ್ಬಿಬ್ಬರು ರೋಗಿಗಳ ವರದಿಗಳು ಈ ಅನುಮಾನವನ್ನು ನೀಗಲಾರವು. ನರಸಂಬಂಧಿ ನೋವಿಗೆ ಅಕ್ಯುಪಂಕ್ಚರ್ ಕುರಿತು 2017ರಲ್ಲಿ ಬಂದ, ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು 6 ಅಧ್ಯಯನ, 462 ಮಂದಿ. ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ತೀರ್ಮಾನಿಸಲು ಪುರಾವೆ ಸಾಲದು ಎಂದೇ ಅದು ಹೇಳಿತು.

ಪರೀಕ್ಷೆ ಅಸಾಧ್ಯವೇನಲ್ಲ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಇರುವ ಕಾಲಿನ ಪ್ರತಿಬಿಂಬವನ್ನೇ ಇಲ್ಲದ ಕಾಲಿನಂತೆ ತೋರಿಸುವ ಕನ್ನಡಿ ಚಿಕಿತ್ಸೆಯನ್ನು ಪರೀಕ್ಷಿಸಿದ ವೈದ್ಯರು ಕೆಲವರಿಗೆ ಬರಿಯ ಕನ್ನಡಿ ಕೊಟ್ಟರು, ಕೆಲವರಿಗೆ ಬಟ್ಟೆ ಮುಚ್ಚಿದ ಕನ್ನಡಿ ಕೊಟ್ಟರು, ಉಳಿದವರಿಗೆ ಕಾಲಾಡಿಸುವುದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಲು ಹೇಳಿದರು. 2007ರಲ್ಲಿ ಪ್ರಕಟವಾದ ಆ ಪ್ರಯೋಗ ಮುಗಿಸಿದವರು 18 ಮಂದಿಯಷ್ಟೇ. ಆದರೂ ನಾಲ್ಕು ವಾರದ ಬಳಿಕ ಬರಿಯ ಕನ್ನಡಿ ನೋಡಿದವರೆಲ್ಲರ ನೋವು ತಗ್ಗಿತ್ತು, ಬಟ್ಟೆ ಮುಚ್ಚಿದ ಗುಂಪಿನಲ್ಲಿ ಒಬ್ಬರದು ಮಾತ್ರ. ಅಗ್ಗದ ಕನ್ನಡಿಯೂ ಎದುರಿಸಿದ ಈ ಪರೀಕ್ಷೆಯಿಂದ ಚಿನ್ನದ ಸೂಜಿಗೆ ವಿನಾಯಿತಿ ಏಕೆ?

ಓಪಿಯಾಯ್ಡ್ ನೋವುನಿವಾರಕ ಗುಳಿಗೆಗಳ ಚಟಕ್ಕಿಂತ ಸೂಜಿ ವಾಸಿ ಎಂಬುದು ಸಮರ್ಥಕರ ವಾದ. ಚಟದ ಭಯ ನಿಜ, ಸೂಜಿಯ ಅಪಾಯ ಕಡಿಮೆ ಎಂಬುದೂ ನಿಜ. ಆದರೆ ಅಪಾಯ ಕಡಿಮೆ ಎಂದ ಮಾತ್ರಕ್ಕೆ ಪ್ರಯೋಜನವಿದೆ ಎಂದಾಗುವುದಿಲ್ಲ. ಸೂಜಿಯ ಮೇಲಿನ ಭರವಸೆಯಲ್ಲಿ ಕನ್ನಡಿ ಚಿಕಿತ್ಸೆಯೋ ನರದ ಗಂಟಿನ ಶಸ್ತ್ರಚಿಕಿತ್ಸೆಯೋ ತಡವಾದರೆ ನಷ್ಟ ರೋಗಿಗೇ. ಸೂಜಿಯನ್ನು ಪರೀಕ್ಷಿಸಲು ಹೋಲಿಕೆಗೆ ಬೇಕಾದ, ಚುಚ್ಚಿದಂತೆ ತೋರಿ ಹಿಡಿಯೊಳಗೆ ಸರಿದುಕೊಳ್ಳುವ ಮೊಂಡುತುದಿಯ ಹುಸಿ ಸೂಜಿ 1998ರಿಂದಲೂ ಇದೆ. ಕಿವಿಗೆ ಅದನ್ನು ಹೊಂದಿಸಿಕೊಳ್ಳಬೇಕಾದೀತು, ಅಷ್ಟೆ. ಕಾಲು ಕಳೆದುಕೊಂಡ ಸೈನಿಕರು ಅದೇ ಆಸ್ಪತ್ರೆಗಳಿಗೆ ಬರುತ್ತಲೇ ಇದ್ದಾರೆ. ಸರ್ಕಾರದ ಹಣ ಮೊದಲು ನಿಜ ಸೂಜಿಯನ್ನು ಹುಸಿ ಸೂಜಿಯೊಡನೆ ಹೋಲಿಸುವ ಪ್ರಯೋಗಕ್ಕೆ ಹೋಗಬೇಕು. ಫಲಿತಾಂಶ ಬರುವವರೆಗೆ, ಈ ಸೂಜಿಯ ಗುಣ ಸಾಬೀತಾಗಿಲ್ಲ ಎಂದು ಪ್ರತಿ ರೋಗಿಗೂ ಚುಚ್ಚುವ ಮೊದಲೇ ಬರಹದಲ್ಲಿ ತಿಳಿಸಬೇಕು.